ಬಿಸಿನೀರಿನ ನಳ್ಳಿ ತಿರುಗಿಸುವ ಮುನ್ನ



ಈ ತಿಂಗಳು ನಿಮ್ಮಲ್ಲಿ ಒಂದು ಪ್ರಶ್ನೆ ಕೇಳಿಯೇ ಮಾತು ಆರಂಭಿಸುತ್ತೇನೆ. ನಿಮ್ಮ ಬಚ್ಚಲುಮನೆಯ ಗೀಸರಿನಿಂದ ಬರುವ ನೀರು ಎಷ್ಟು ಡಿಗ್ರಿ ಬಿಸಿಯಾಗಿರುತ್ತದೆ?

"ಚೆನ್ನಾಗಿ ಬಿಸಿಯಾಗಿರುತ್ತದೆ" ಎಂದು ನೀವು ಹೇಳಬಹುದು. "ಕೈ ಇಡಲಿಕ್ಕೆ ಆಗುವುದಿಲ್ಲ" ಎಂದು ಸ್ವಲ್ಪ ಹೆಮ್ಮೆಯಿಂದಲೂ ಹೇಳಬಹುದು. ಒಂದು ಕಾಲದಲ್ಲಿ ನನ್ನ ಉತ್ತರವೂ ಅದೇ ಆಗಿತ್ತು. ಅದು ಉತ್ತರವೇ ಅಲ್ಲ ಎಂದು ನನಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ, ವೈದ್ಯರ ಮುಂದೆ ತಲೆ ತಗ್ಗಿಸಿ ಕುಳಿತಾಗ.

2023ರ ಡಿಸೆಂಬರ್ ತಿಂಗಳು. ಘಟ್ಟದ ತಪ್ಪಲಿನ ನಮ್ಮೂರಿನಲ್ಲಿ ಆಗ ಬೆಳಗಿನ ಚಳಿ ಜೋರು. ನನ್ನ ಅತ್ತೆಗೆ ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಆದರೂ ಫಜ್ರ್ ನಮಾಝಿಗೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಅವರೇ. ಆ ದಿನವೂ ಎದ್ದು, ಗೀಸರಿನ ಸ್ವಿಚ್ ಹಾಕಿ, ಸ್ವಲ್ಪ ಹೊತ್ತಿನ ಬಳಿಕ ವುಝೂ ಮಾಡಿ ಬಂದರು. ನಮಾಝ್ ಮಾಡಿದರು, ತಸ್ಬೀಹ್ ಹಿಡಿದು ಕುಳಿತರು. ಬೆಳಕು ಹರಿದ ಮೇಲೆ ಮುಸಲ್ಲಾ ಮಡಚಲು ಹೋದ ನನ್ನ ಮಗಳು, "ಉಮ್ಮಾ, ಅಜ್ಜಿಯ ಕಾಲು ನೋಡಿ" ಎಂದು ಕೂಗಿದಳು. ಬಲಗಾಲಿನ ಮೇಲ್ಭಾಗ ಕೆಂಪಾಗಿ, ಬೆರಳುಗಳ ಬುಡದಲ್ಲಿ ಎರಡು ದೊಡ್ಡ ಗುಳ್ಳೆಗಳು ಎದ್ದಿದ್ದವು.

"ಏನಾಯಿತು ಅತ್ತೇ?" ಎಂದರೆ ಅವರಿಗೆ ನಮಗಿಂತ ಹೆಚ್ಚು ಆಶ್ಚರ್ಯ. ಅವರಿಗೆ ನೋವೇ ಆಗಿರಲಿಲ್ಲ!

ವೈದ್ಯರು ಕಾಲು ನೋಡಿ ಮೊದಲು ಕೇಳಿದ್ದು ಸಕ್ಕರೆಯ ಪ್ರಮಾಣ. ಎರಡನೆಯದಾಗಿ ಕೇಳಿದ್ದು, "ನಿಮ್ಮ ಗೀಸರಿನ ನೀರು ಎಷ್ಟು ಡಿಗ್ರಿ?" ಮೊದಲನೆಯ ಪ್ರಶ್ನೆಗೆ ನನ್ನಲ್ಲಿ ಕಾಗದವಿತ್ತು. ಎರಡನೆಯದಕ್ಕೆ ಉತ್ತರವಿರಲಿಲ್ಲ.

ಕಾಲಿನ ಸರದಿ ಕೊನೆಗೆ

ನಾನು ಇಪ್ಪತ್ತು ವರ್ಷಗಳಿಂದ ಮದ್ರಸದಲ್ಲಿ ಮಕ್ಕಳಿಗೆ ವುಝೂ ಕಲಿಸುತ್ತಾ ಬಂದವಳು. ಮೊದಲು ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗಿನ ತೋಳು, ತಲೆಗೆ ಸವರುವುದು, ಕೊನೆಗೆ ಕಾಲು. ಈ ಕ್ರಮ ಬಾಯಿಪಾಠ. ಆದರೆ ಈ ಕ್ರಮಕ್ಕೂ ಗೀಸರಿಗೂ ಒಂದು ಸಂಬಂಧವಿದೆ ಎಂದು ಎಂದೂ ಯೋಚಿಸಿರಲಿಲ್ಲ.

ಗೀಸರಿನಿಂದ ನಳ್ಳಿಯವರೆಗೆ ಒಂದು ಕೊಳವೆ ಇರುತ್ತದಲ್ಲವೇ? ರಾತ್ರಿಯಿಡೀ ಅದರಲ್ಲಿ ನಿಂತ ನೀರು ತಣ್ಣಗಿರುತ್ತದೆ. ಅರ್ಧ ಇಂಚಿನ ಕೊಳವೆ ಐದು ಮೀಟರ್ ಉದ್ದವಿದ್ದರೆ ಅದರಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ನೀರು ಇರುತ್ತದೆ. ನಳ್ಳಿ ತಿರುಗಿಸಿದಾಗ ಮೊದಲು ಬರುವುದು ಅದೇ ನೀರು. ಅತ್ತೆ ನಳ್ಳಿಯನ್ನು ಸಣ್ಣಗೆ ಬಿಟ್ಟು ವುಝೂ ಮಾಡುವವರು. ಕೈ, ಮುಖ ತೊಳೆಯುವಾಗ ನೀರು ತಣ್ಣಗೆ, ತೋಳಿನ ಹೊತ್ತಿಗೆ ಉಗುರು ಬೆಚ್ಚಗೆ. ಗೀಸರಿನ ಒಳಗಿನ ನಿಜವಾದ ಬಿಸಿನೀರು ನಳ್ಳಿಗೆ ತಲುಪಿದ್ದು ಸರಿಯಾಗಿ ಕಾಲು ತೊಳೆಯುವ ಹೊತ್ತಿಗೆ. ಬಿಸಿಯನ್ನು ಥಟ್ಟನೆ ತಿಳಿಯುವ ಕೈ ಮತ್ತು ಮುಖ ಅದನ್ನು ನೋಡಲೇ ಇಲ್ಲ. ಏನೂ ತಿಳಿಯದ ಕಾಲು ಪೂರ್ತಿ ಬಿಸಿಯನ್ನು ಹೊತ್ತುಕೊಂಡಿತು.

ಕಾಲಿಗೆ ಯಾಕೆ ತಿಳಿಯಲಿಲ್ಲ? ಹಲವು ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ನರಗಳು ದುರ್ಬಲವಾಗುತ್ತವೆ. ಅದು ಸಾಮಾನ್ಯವಾಗಿ ಪಾದಗಳಿಂದಲೇ ಆರಂಭವಾಗುತ್ತದೆ. ಜೋಮು ಹಿಡಿದಂತೆ, ಹತ್ತಿಯ ಮೇಲೆ ನಡೆದಂತೆ ಅನಿಸುತ್ತದೆ. ಬಿಸಿ, ತಣ್ಣಗೆ, ಮುಳ್ಳು ಯಾವುದೂ ಸರಿಯಾಗಿ ತಿಳಿಯುವುದಿಲ್ಲ. ಅದೇ ಕಾಲಿಗೆ ರಕ್ತ ಸಂಚಾರವೂ ಕಡಿಮೆಯಾಗಿರುವುದರಿಂದ ಸುಟ್ಟ ಗಾಯ ಬೇಗ ಮಾಯುವುದಿಲ್ಲ, ಕೀವು ತುಂಬುವುದು ಬೇಗ. ಒಂದು ಸಣ್ಣ ಗುಳ್ಳೆ ಬೆರಳನ್ನೇ ಕಳೆದುಕೊಳ್ಳುವಲ್ಲಿಗೆ ತಲುಪಬಹುದು. ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಇಲ್ಲದ ಮನೆ ಎಷ್ಟಿದೆ, ನೀವೇ ಹೇಳಿ.

ಜ್ವರದ ಥರ್ಮಾಮೀಟರ್ ಬೇಡ

ಮನೆಗೆ ಬಂದವಳೇ ನೀರಿನ ಬಿಸಿಯನ್ನು ಅಳೆಯಲೇಬೇಕೆಂದು ತೀರ್ಮಾನಿಸಿದೆ. ಕಪಾಟಿನಲ್ಲಿ ಜ್ವರ ನೋಡುವ ಥರ್ಮಾಮೀಟರ್ ಇತ್ತು. ಅದನ್ನು ಮಾತ್ರ ಯಾರೂ ಬಿಸಿನೀರಿಗೆ ಇಳಿಸಬೇಡಿ. ಅದು ಅಳೆಯುವುದು ಹೆಚ್ಚೆಂದರೆ 42, 43 ಡಿಗ್ರಿ. ಪಾದರಸದ್ದಾದರೆ ಬಿಸಿನೀರಿನಲ್ಲಿ ಒಡೆದೇ ಹೋಗಬಹುದು, ಮತ್ತು ಪಾದರಸ ವಿಷ. ಶಾಲೆಯ ಪ್ರಯೋಗಾಲಯದಲ್ಲಿ ಬಳಸುವ, 0ಯಿಂದ 110 ಡಿಗ್ರಿವರೆಗಿನ, ಕೆಂಪು ಬಣ್ಣದ ದ್ರವವಿರುವ ಗಾಜಿನ ಥರ್ಮಾಮೀಟರ್ ಆಗುತ್ತದೆ. ಅಡುಗೆಗೆ ಬಳಸುವ, ಕಡ್ಡಿಯಂತಹ ಡಿಜಿಟಲ್ ಥರ್ಮಾಮೀಟರ್ ಇನ್ನೂ ಸುಲಭ. ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರ ಹತ್ತಿರ ಒಂದನ್ನು ಎರಡು ದಿನಕ್ಕೆ ಕೇಳಿ ತಂದೆ.

ಅಳೆಯುವ ವಿಧಾನ ಸರಳ. ಗೀಸರ್ ಹಾಕಿ, ಅದರ ದೀಪ ತಾನಾಗಿ ಆರುವವರೆಗೆ ಕಾಯಿರಿ. ನೀರು ನಿಗದಿಯಾದ ಬಿಸಿಗೆ ತಲುಪಿದೆ ಎಂಬುದಕ್ಕೆ ಅದೇ ಗುರುತು. ಬಿಸಿನೀರಿನ ನಳ್ಳಿಯನ್ನು ಮಾತ್ರ ತಿರುಗಿಸಿ, ಕೊಳವೆಯಲ್ಲಿದ್ದ ತಣ್ಣೀರನ್ನು ಬಾಲ್ದಿಗೆ ಹಿಡಿಯಿರಿ. ಆ ನೀರನ್ನು ಚೆಲ್ಲಬೇಡಿ, ಬಟ್ಟೆ ನೆನೆಸಲು ಆಗುತ್ತದೆ. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿನಲ್ಲಿ ನೀರು ಪೋಲು ಮಾಡಬಾರದು ಎಂದು ಕೇಳಿ ಬೆಳೆದವರು ನಾವು. ಹಬೆಯಾಡುವ ನೀರು ಬರಲು ಆರಂಭಿಸಿದ ಮೇಲೆ ಒಂದು ಸ್ಟೀಲ್ ಚೊಂಬಿಗೆ ತುಂಬಿ, ಥರ್ಮಾಮೀಟರನ್ನು ಅದರಲ್ಲಿ ಒಂದು ನಿಮಿಷ ಇಡಿ. ಹೊರಗೆ ತೆಗೆಯದೆ, ನೀರಿನಲ್ಲಿ ಇರುವಾಗಲೇ ಓದಿ. ಮತ್ತೆ ಅರ್ಧ ಬಾಲ್ದಿ ನೀರು ಹಿಡಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಬಿಸಿನೀರು ಹಗುರ, ಆದ್ದರಿಂದ ಅದು ಡ್ರಮ್ಮಿನ ಮೇಲ್ಭಾಗದಲ್ಲಿ ನಿಲ್ಲುತ್ತದೆ. ತಣ್ಣೀರು ತಳದಿಂದ ಒಳಗೆ ಬರುತ್ತದೆ. ನಳ್ಳಿಗೆ ಹೋಗುವುದು ಮೇಲಿನ ನೀರು. ಹಾಗಾಗಿ ಮೊದಲ ಚೊಂಬೇ ಹೆಚ್ಚು ಬಿಸಿ. ಗೀಸರಿನ ಮುಖದ ಮೇಲಿನ ಮುಳ್ಳನ್ನು ನಂಬಿ ಕೂರಬೇಡಿ. ಕೆಲವು ವರ್ಷ ಕಳೆದ ಮೇಲೆ ಅದು ಸರಿಯಾಗಿ ತೋರಿಸುತ್ತದೆಂಬ ಭರವಸೆ ಇಲ್ಲ.

ನಮ್ಮ ಮನೆಯ ಮೊದಲ ಚೊಂಬು ತೋರಿಸಿದ್ದು 74 ಡಿಗ್ರಿ.

ಈ ಸಂಖ್ಯೆಯ ಅರ್ಥವೇನು?

ವಯಸ್ಕರ ಚರ್ಮವೂ 70 ಡಿಗ್ರಿಯ ನೀರಿನಲ್ಲಿ ಸುಮಾರು ಒಂದು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. 60 ಡಿಗ್ರಿಯಲ್ಲಿ ಸುಮಾರು 5 ಸೆಕೆಂಡು. 55 ಡಿಗ್ರಿಯಲ್ಲಿ ಸುಮಾರು ಅರ್ಧ ನಿಮಿಷ. 49 ಡಿಗ್ರಿಗೆ ಇಳಿದರೆ ಐದು ನಿಮಿಷಕ್ಕಿಂತ ಹೆಚ್ಚು ಬೇಕು. ನೋಡಿ, ಬಿಸಿ ಇಳಿದದ್ದು ಕೆಲವೇ ಡಿಗ್ರಿ, ನಮಗೆ ಕೈ ಹಿಂದೆಗೆಯಲು ಸಿಗುವ ಸಮಯ ಮಾತ್ರ ಎಷ್ಟೋ ಪಟ್ಟು ಹೆಚ್ಚು. ಸಣ್ಣ ಮಕ್ಕಳ ಮತ್ತು ಮುದುಕರ ಚರ್ಮ ತೆಳು. ಅವರಿಗೆ ಈ ಸಮಯ ಇನ್ನೂ ಕಡಿಮೆ. ಐದು ಸೆಕೆಂಡು ಎಂದರೆ ಒಂದು ಮಗು ನಳ್ಳಿ ತಿರುಗಿಸಿ, ಹೆದರಿ, ಎಲ್ಲಿ ಓಡಬೇಕೆಂದು ತಿಳಿಯದೆ ನಿಂತು ಅಳುವಷ್ಟು ಹೊತ್ತು ಮಾತ್ರ.

ಹಾಗಾದರೆ ಗೀಸರನ್ನು 40 ಡಿಗ್ರಿಗೇ ಇಟ್ಟುಬಿಟ್ಟರೆ ಆಯಿತಲ್ಲವೇ? ಇಲ್ಲಿ ಇನ್ನೊಂದು ವಿಷಯವಿದೆ. ಉಗುರು ಬೆಚ್ಚಗೆ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರಲ್ಲಿ ಹಲವರು ಒಂದು ವಿಚಿತ್ರ ನ್ಯುಮೋನಿಯಾದಿಂದ ಸತ್ತಾಗ ಇದರ ಹುಡುಕಾಟ ಆರಂಭವಾಯಿತು. ಮರುವರ್ಷ ಬ್ಯಾಕ್ಟೀರಿಯಾ ಪತ್ತೆಯಾಯಿತು. ಶವರಿನ ತುಂತುರಿನ ಜೊತೆ ಉಸಿರಿನಲ್ಲಿ ಒಳಗೆ ಹೋದರೆ ಅಪಾಯ, ಅದರಲ್ಲೂ ಮುದುಕರಿಗೆ ಮತ್ತು ರೋಗನಿರೋಧಕ ಶಕ್ತಿ ಕಡಿಮೆಯಿರುವವರಿಗೆ. ಇದು ಚೆನ್ನಾಗಿ ಬೆಳೆಯುವುದು 20ರಿಂದ 45 ಡಿಗ್ರಿಯ ನಡುವೆ. 60 ಡಿಗ್ರಿಯ ಬಿಸಿಯಲ್ಲಿ ಸಾಯುತ್ತದೆ. ಅದಕ್ಕಾಗಿಯೇ ಬಿಸಿನೀರನ್ನು ಸಂಗ್ರಹಿಸುವಾಗ 60 ಡಿಗ್ರಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಅಂದರೆ ಡ್ರಮ್ಮಿನೊಳಗೆ 60, ಮೈಮೇಲೆ 40. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ. ಇವುಗಳ ನಡುವಿನ 20 ಡಿಗ್ರಿಯ ಜವಾಬ್ದಾರಿ ನಮ್ಮದು.

ತಪ್ಪು ಯಾರದು?

ಗೀಸರಿನೊಳಗೆ ಬಿಸಿಯನ್ನು ಕಾಯುವವನು ಥರ್ಮೋಸ್ಟಾಟ್. ಹಲವು ಗೀಸರುಗಳಲ್ಲಿ ಇದು ಒಂದು ಹಿತ್ತಾಳೆಯ ಕೊಳವೆ, ಅದರೊಳಗೆ ಬಿಸಿಗೆ ಹೆಚ್ಚು ಹಿಗ್ಗದ ಇನ್ವಾರ್ ಎಂಬ ಮಿಶ್ರಲೋಹದ ಕಡ್ಡಿ. ನೀರು ಬಿಸಿಯಾದಂತೆ ಹಿತ್ತಾಳೆ ಹಿಗ್ಗುತ್ತದೆ, ಒಳಗಿನ ಕಡ್ಡಿ ಹಿಗ್ಗುವುದಿಲ್ಲ. ಈ ವ್ಯತ್ಯಾಸವೇ ಸ್ವಿಚ್ಚನ್ನು ಎಳೆದು ವಿದ್ಯುತ್ ಕಡಿಯುತ್ತದೆ. ಅದು ಕೆಟ್ಟರೆ ತಡೆಯಲು ಇನ್ನೊಂದು ಕಟ್-ಔಟ್ ಇರುತ್ತದೆ. ಅದೂ ಕೈಕೊಟ್ಟರೆ ಒತ್ತಡವನ್ನು ಹೊರಗೆ ಬಿಡಲು ಸುರಕ್ಷಾ ವಾಲ್ವ್ ಇರುತ್ತದೆ.

ನಮ್ಮ ಮನೆಯ ಥರ್ಮೋಸ್ಟಾಟ್ ಕೆಟ್ಟಿದೆ ಎಂದೇ ನಾನು ಭಾವಿಸಿದ್ದೆ. ಕಂಪೆನಿಯವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಎಲೆಕ್ಟ್ರೀಷಿಯನ್ ಬಂದು, ಮೇನ್ ಸ್ವಿಚ್ ಆರಿಸಿ, ಕೆಳಗಿನ ಮುಚ್ಚಳ ಬಿಚ್ಚಿ ನೋಡಿದರು. "ಇದು ಕೆಟ್ಟಿಲ್ಲ ಟೀಚರ್. ಇದರ ತಿರುಪನ್ನು ಯಾರೋ ಕೊನೆಯವರೆಗೆ ತಿರುಗಿಸಿಟ್ಟಿದ್ದಾರೆ. ಕಳೆದ ವರ್ಷ ನೀವೇ ಹೇಳಿದ್ದಿರಲ್ಲ?" ಎಂದರು.

ಹೌದು. ನಾನೇ ಹೇಳಿದ್ದೆ. ಹಿಂದಿನ ಚಳಿಗಾಲದಲ್ಲಿ ಮನೆತುಂಬ ನೆಂಟರಿದ್ದಾಗ ನೀರು ಸಾಲುವುದಿಲ್ಲವೆಂದು, "ಸ್ವಲ್ಪ ಹೆಚ್ಚು ಬಿಸಿ ಬರುವ ಹಾಗೆ ಮಾಡಿಕೊಡಿ" ಎಂದಿದ್ದೆ. ನೆಂಟರು ಹೋದರು, ತಿರುಪು ಅಲ್ಲೇ ಉಳಿಯಿತು. ಅತ್ತೆಯ ಕಾಲು ಸುಟ್ಟದ್ದು ಒಂದು ವರ್ಷದ ಹಿಂದೆ ನಾನಾಡಿದ ಆ ಒಂದು ಮಾತಿನಿಂದ. ಆ ರಾತ್ರಿ ಅವರ ಕಾಲಿಗೆ ಮುಲಾಮು ಹಚ್ಚುತ್ತಾ ಈ ಸತ್ಯವನ್ನು ಹೇಳಿದೆ. ಅವರು ನನ್ನ ತಲೆ ಸವರಿ, "ನಿನಗೆ ಗೊತ್ತಿತ್ತಾ ಮಗಳೇ? ಈಗ ಗೊತ್ತಾಯಿತಲ್ಲ, ಇನ್ನೊಬ್ಬರಿಗೆ ಹೇಳು" ಎಂದರು. ಈ ಅಂಕಣ ಬರೆಯುತ್ತಿರುವುದು ಅದಕ್ಕಾಗಿ.

ಮೈಗೆ 40 ಡಿಗ್ರಿ ಸಾಕೆಂದಾದರೆ, ನೀರು ಸಾಲದಾಗ ಬಿಸಿ ಹೆಚ್ಚಿಸುವುದು ಪರಿಹಾರವಲ್ಲ. ಲೆಕ್ಕ ನೋಡಿ. 60 ಡಿಗ್ರಿಯ 15 ಲೀಟರ್ ನೀರಿಗೆ 25 ಡಿಗ್ರಿಯ ತಣ್ಣೀರು 20 ಲೀಟರ್ ಬೆರೆಸಿದರೆ ಸುಮಾರು 40 ಡಿಗ್ರಿಯ 35 ಲೀಟರ್ ನೀರಾಗುತ್ತದೆ. ಎರಡು ಬಾಲ್ದಿ. 2000 ವ್ಯಾಟಿನ ಗೀಸರ್ ಮತ್ತೆ ಅಷ್ಟು ನೀರು ಕಾಯಿಸಲು ತೆಗೆದುಕೊಳ್ಳುವುದು 18ರಿಂದ 20 ನಿಮಿಷ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಅಷ್ಟು ಬಿಡುವು ಕೊಟ್ಟರೆ ಎಲ್ಲರಿಗೂ ನೀರು ಸಾಲುತ್ತದೆ.

ಕಡಿಮೆ ಬಿಸಿಯಲ್ಲಿ ಉಳಿತಾಯವೂ ಇದೆ. 25 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 1 ಯೂನಿಟ್ ವಿದ್ಯುತ್ ಬೇಕು. 75ಕ್ಕೆ ಏರಿಸಲು ಸುಮಾರು ಒಂದೂವರೆ ಯೂನಿಟ್. ಕೊಳವೆಬಾವಿಯ ಗಡಸು ನೀರಿನ ಊರುಗಳಲ್ಲಿ ಮತ್ತೊಂದು ಲಾಭ. 60 ಡಿಗ್ರಿ ದಾಟಿದರೆ ಸುಣ್ಣದ ಪೊರೆ ಬೇಗ ಬೇಗ ಕಟ್ಟುತ್ತದೆ. ಕಾಯಿಲ್ ಮೇಲೆ ಸುಣ್ಣ ಕೂತರೆ ಗೀಸರ್ ಗುಳುಗುಳು ಸದ್ದು ಮಾಡುತ್ತದೆ, ನೀರು ಕಾಯುವುದು ನಿಧಾನ, ಕೊನೆಗೆ ಕಾಯಿಲ್ ಸುಟ್ಟುಹೋಗುತ್ತದೆ.

ವಾಲ್ವಿನ ಹನಿಯನ್ನು ತಡೆಯಬೇಡಿ

ಕೆಲವು ಮನೆಗಳಲ್ಲಿ ಗೀಸರ್ ಕಾಯುವಾಗ ಸುರಕ್ಷಾ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆ. ಕಿರಿಕಿರಿಯಾಗಿ ಅದಕ್ಕೆ ಬಿರಡೆ ಬಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರು ಬಿಸಿಯಾದಾಗ ಹಿಗ್ಗುತ್ತದೆ. 25 ಲೀಟರ್ ನೀರು 60 ಡಿಗ್ರಿಗೆ ಏರುವಾಗ ಸುಮಾರು 350 ಮಿಲಿಲೀಟರ್ ಹೆಚ್ಚಾಗುತ್ತದೆ. ಅಂದರೆ ಒಂದು ದೊಡ್ಡ ಲೋಟದಷ್ಟು. ಅದಕ್ಕೆ ಎಲ್ಲಾದರೂ ದಾರಿ ಬೇಕು. ಇರುವ ದಾರಿಯನ್ನು ಮುಚ್ಚಿದ ಮೇಲೆ ಥರ್ಮೋಸ್ಟಾಟೂ ಕೆಟ್ಟರೆ ಡ್ರಮ್ ಸಿಡಿಯಬಹುದು. ಕಾಯುವಾಗ ಮಾತ್ರ ಒಂದಿಷ್ಟು ಹನಿ ಬಿದ್ದರೆ ಹೆದರಬೇಕಿಲ್ಲ. ಯಾವಾಗಲೂ ಸೋರುತ್ತಿದ್ದರೆ, ನಳ್ಳಿಯಿಂದ ನೀರಿನ ಬದಲು ಹಬೆ ನುಗ್ಗಿದರೆ, ಎಷ್ಟು ಹೊತ್ತಾದರೂ ದೀಪ ಆರದಿದ್ದರೆ, ಕೂಡಲೇ ಸ್ವಿಚ್ ಆರಿಸಿ ಬಲ್ಲವರನ್ನು ಕರೆಸಿ. ಮುಚ್ಚಳವನ್ನು ನೀವೇ ಬಿಚ್ಚಬೇಡಿ, ಒಳಗಿರುವುದು ವಿದ್ಯುತ್. ಸ್ನಾನಕ್ಕೆ ಇಳಿಯುವ ಮೊದಲು ಸ್ವಿಚ್ ಆರಿಸುವ ಅಭ್ಯಾಸ ಒಳ್ಳೆಯದು.

ಸೋಲಾರ್ ಇರುವವರಿಗೂ ಒಂದು ಮಾತು. ಬಿಸಿಲಿಗೆ ಥರ್ಮೋಸ್ಟಾಟ್ ಇಲ್ಲ. ಎಪ್ರಿಲ್, ಮೇ ತಿಂಗಳಲ್ಲಿ ಮನೆಯವರು ಎರಡು ದಿನ ಊರಿಗೆ ಹೋಗಿ ಬಂದರೆ ಟ್ಯಾಂಕಿನ ನೀರು 70 ಡಿಗ್ರಿಯನ್ನೂ ದಾಟಿರಬಹುದು. ಬೇಸಿಗೆಯಲ್ಲಿ ಯಾರು ಅಷ್ಟು ಬಿಸಿಯನ್ನು ನಿರೀಕ್ಷಿಸುತ್ತಾರೆ?

ನಮ್ಮ ಕೈಯನ್ನೂ ಪೂರ್ತಿ ನಂಬಬೇಡಿ

ಹಿಂದೆ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದ ಕಾಲದಲ್ಲಿ ಬೆಂಕಿ ಕಾಣುತ್ತಿತ್ತು, ಹಬೆ ಕಾಣುತ್ತಿತ್ತು. ಮಡಲು, ಸಿಪ್ಪೆ ಎಷ್ಟು ಒಟ್ಟಿದ್ದೇವೆಂದು ಗೊತ್ತಿರುತ್ತಿತ್ತು. ಬಾಲ್ದಿಗೆ ತೋಡಿ, ಬೆರೆಸಿ, ಕೈ ಹಾಕಿ ನೋಡದೆ ಯಾರೂ ಮೈಗೆ ಸುರಿಯುತ್ತಿರಲಿಲ್ಲ. ಗೀಸರ್ ಆ ಬೆಂಕಿಯನ್ನು ಬಿಳಿ ಡಬ್ಬಿಯೊಳಗೆ ಅಡಗಿಸಿಟ್ಟಿದೆ. ಅನುಕೂಲ ಬಂತು, ಕೈ ಹಾಕಿ ನೋಡುವ ಅಭ್ಯಾಸ ಹೋಯಿತು.

ಇನ್ನೊಂದು ವಿಷಯ. ಕಾದ ಕಾವಲಿಯ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಮಗುಚುವ ಕೈ ನಮ್ಮದು. ಅದಕ್ಕೆ ಹಿತವೆನಿಸುವ ಬಿಸಿ ನಲವತ್ತು ದಿನದ ಕೂಸಿಗೆ ಹಿತವಲ್ಲ. ಮಗುವಿನ ಸ್ನಾನದ ನೀರು 37, 38 ಡಿಗ್ರಿ ಇದ್ದರೆ ಸಾಕು. ಬೆರಳಿನಿಂದ ನೋಡಬೇಡಿ, ಮೊಣಕೈ ಅದ್ದಿ ನೋಡಿ. ಅಲ್ಲಿಯ ಚರ್ಮ ಸೂಕ್ಷ್ಮ. ಬಾಣಂತಿಗೆ ನೀರು ಹಾಕುವವರೂ, "ಬಿಸಿ ತಾಗಿದರೆ ಮೈ ಗಟ್ಟಿಯಾಗುತ್ತದೆ" ಎಂದು ಅವಳ "ಸಾಕು" ಎಂಬ ಮಾತನ್ನು ಅಲಕ್ಷಿಸಬಾರದು.

ನಮ್ಮ ಮನೆಯಲ್ಲಿ ಈಗ ಪಾಲಿಸುತ್ತಿರುವ ಕೆಲವು ಕ್ರಮಗಳನ್ನು ಹೇಳುತ್ತೇನೆ. ಬಾಲ್ದಿಗೆ ಮೊದಲು ತಣ್ಣೀರು, ಬಳಿಕ ಬಿಸಿನೀರು, ನಂತರ ಚೆನ್ನಾಗಿ ಕಲಕುವುದು. ಯಾರೂ ಬಿಸಿನೀರಿನ ನಳ್ಳಿಯ ಕೆಳಗೆ ನೇರವಾಗಿ ಕೈಕಾಲು ಒಡ್ಡುವುದಿಲ್ಲ. ಅತ್ತೆಯ ವುಝೂವಿನ ನೀರನ್ನು ನಾನೋ ಮಗಳೋ ಸಣ್ಣ ಪಾತ್ರೆಯಲ್ಲಿ ಬೆರೆಸಿ ಇಡುತ್ತೇವೆ. ಮಕ್ಕಳನ್ನು ನಳ್ಳಿಯ ಪಕ್ಕದಲ್ಲಿ ಒಂಟಿಯಾಗಿ ಬಿಡುವುದಿಲ್ಲ. ವಾರಗಟ್ಟಲೆ ಮನೆ ಮುಚ್ಚಿ ಬಂದರೆ ಗೀಸರಿನ ನೀರನ್ನು ಪೂರ್ತಿ ಕಾಯಿಸಿ, ಕಿಟಕಿ ತೆರೆದು, ಶವರ್ ಹಾಕದೆ ನಳ್ಳಿಯಿಂದ ಬಾಲ್ದಿಗೆ ಹಿಡಿದು ತೆಗೆಯುತ್ತೇವೆ. ಮೂರು ತಿಂಗಳಿಗೊಮ್ಮೆ ಚೊಂಬಿಗೆ ನೀರು ಹಿಡಿದು ಅಳೆದು, ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಬರೆದಿಡುತ್ತೇವೆ. ಸಂಖ್ಯೆ ಸದ್ದಿಲ್ಲದೆ ಏರುತ್ತಿದ್ದರೆ ಥರ್ಮೋಸ್ಟಾಟ್ ಸೋಲುತ್ತಿದೆ ಎಂದು ಮೊದಲೇ ತಿಳಿಯುತ್ತದೆ.

ಅಲ್ಲಾಹನು ಕಾಪಾಡಲಿ, ಸುಟ್ಟುಹೋದರೆ ಮೊದಲು ಮಾಡಬೇಕಾದದ್ದು ಒಂದೇ. ನಳ್ಳಿಯ ಸಾಮಾನ್ಯ ತಣ್ಣೀರನ್ನು 20 ನಿಮಿಷ ಆ ಜಾಗದ ಮೇಲೆ ಹರಿಸಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ತುಪ್ಪ, ಅರಸಿನ ಯಾವುದೂ ಬೇಡ. ಉಂಗುರ, ಬಳೆ, ಗೆಜ್ಜೆಗಳನ್ನು ಊತ ಬರುವ ಮೊದಲೇ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ, ಗುಳ್ಳೆ ಒಡೆಯಬೇಡಿ. ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ವೈದ್ಯರ ಬಳಿ ಹೋಗಿ. ಮಗುವಾದರೆ, ಸಕ್ಕರೆ ಕಾಯಿಲೆಯವರಾದರೆ, ಸಣ್ಣ ಗಾಯವೆಂದು ಕಾಯಬೇಡಿ.

ಅತ್ತೆಯ ಕಾಲು ಮಾಯಲು ಒಂಬತ್ತು ವಾರ ಬೇಕಾಯಿತು. ಅಷ್ಟು ದಿನವೂ ಅವರು ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಿದರು. ಬೆರಳು ಉಳಿಯಿತು, ಅಲ್ ಹಮ್ದುಲಿಲ್ಲಾಹ್. ಈಗ ನಮ್ಮ ಗೀಸರಿನ ಮೊದಲ ಚೊಂಬು 59 ಡಿಗ್ರಿ ತೋರಿಸುತ್ತದೆ. ವಿಜ್ಞಾನ ಮೇಷ್ಟ್ರ ಥರ್ಮಾಮೀಟರನ್ನು ಮರಳಿಸಿ, ನಮ್ಮದೇ ಒಂದನ್ನು ಕೊಂಡು, ಬಚ್ಚಲುಮನೆಯ ಬಾಗಿಲ ಬಳಿ ಮೊಳೆಗೆ ತೂಗುಹಾಕಿದ್ದೇವೆ.

ಸಹೋದರಿಯರೇ, ಈ ಪುಟ ಮುಚ್ಚಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಹಿರಿಯರ ಹತ್ತಿರ ಹೋಗಿ ಅವರ ಪಾದಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. "ಇಲ್ಲಿ ಮುಟ್ಟಿದರೆ ತಿಳಿಯುತ್ತದೆಯೇ?" ಎಂದು ಕೇಳಿ. "ಇಲ್ಲ" ಎಂದರೆ, ನಾಳೆ ಬೆಳಗ್ಗೆ ಫಜ್ರಿನ ವುಝೂವಿಗೆ ಅವರ ನೀರನ್ನು ನೀವು ಬೆರೆಸಿ ಕೊಡಿ.

ವಸ್ಸಲಾಮ್.